ಕ್ರಿಸ್ಮಸ್ ಮರಕ್ಕೆ ಕಸಿ ಕಟ್ಟುವುದು: ಕಡ್ಡಿ ಎಲ್ಲಿಂದ ತರಬೇಕು?

ಎಸ್ಟೇಟ್ ಬಂಗಲೆಯ ಮುಂದೆ, ಕಣದ ಮಗ್ಗುಲಲ್ಲಿ, ಹಳೆಯ ಶಾಲೆಯ ಅಂಗಳದಲ್ಲಿ ಗೋಪುರದಂತೆ ಏರಿ, ತಟ್ಟೆಯ ಮೇಲೆ ತಟ್ಟೆ ಇಟ್ಟಂತೆ ರೆಂಬೆ ಹರಡಿ ನಿಲ್ಲುವ ಮರವನ್ನು ನಮ್ಮ ಸದಸ್ಯರೆಲ್ಲರೂ ಬಲ್ಲರು. ಜನ ಅದನ್ನು ಕ್ರಿಸ್ಮಸ್ ಮರ ಎನ್ನುತ್ತಾರೆ. ಸಸ್ಯಶಾಸ್ತ್ರದಲ್ಲಿ ಅದರ ಹೆಸರು ಅರೌಕೇರಿಯ. ಚೆನ್ನಾಗಿ ಬೆಳೆದ ಇಂತಹ ಮರದಿಂದ ಒಂದು ರೆಂಬೆ ಕೊಯ್ದು ತಂದು ಸಸಿಯೊಂದಕ್ಕೆ ಕಸಿ ಕಟ್ಟಿದರೆ ಅಂತಹದೇ ಇನ್ನೊಂದು ಮರವನ್ನು ಪಡೆಯಬಹುದಲ್ಲವೇ ಎಂಬ ಪ್ರಶ್ನೆ ಸದಸ್ಯರಿಂದ ಆಗಾಗ ಬರುತ್ತಿರುತ್ತದೆ. ಚುಟುಕಾಗಿ ಹೇಳುವುದಾದರೆ, ಕಸಿ ಕೂಡಬಹುದು, ಆದರೆ ಮರವಾಗದು. ಹತ್ತು ವರ್ಷ ಸಾಕಿದರೂ ಅದು ಅಡ್ಡಲಾಗಿ ಚಾಚಿದ ಒಂದು ರೆಂಬೆಯಾಗಿಯೇ ಉಳಿಯುತ್ತದೆ. ಇದರ ಕಾರಣ ತಿಳಿಯುವುದು ಹೂದೋಟದ ಶೋಕಿಯವರಿಗೆ ಮಾತ್ರ ಬೇಕಾದ ಸಂಗತಿಯಲ್ಲ. ಅಡಿಕೆ ತೋಟದ ನಡುವೆ ನೆಡಲು ಜಾಯಿಕಾಯಿಯ ಕಸಿ ಗಿಡಕ್ಕೋ ಮೆಣಸಿನ ಕಸಿ ಬಳ್ಳಿಗೋ ಹಣ ತೆರುವವರಿಗೂ ಅಗತ್ಯವೆಂದು ಕಂಡುದರಿಂದ ಈ ಲೇಖನವನ್ನು ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತಿದ್ದೇವೆ.

ಮೊದಲಿಗೆ ಒಂದು ಮಾತು. ಕಾಫಿ ಸೀಮೆಯಲ್ಲಿ ಕಸಿ ಎಂದೊಡನೆ ಕೆಲಸಗಾರರು ಕತ್ತಿ ಹಿಡಿದು ಹೊರಡುತ್ತಾರೆ. ಗಿಡಗಸಿ, ಮರಗಸಿ ಎಂದರೆ ನಮ್ಮಲ್ಲಿ ರೆಂಬೆ ಸವರುವ ಕೆಲಸ. ಇಲ್ಲಿ ಹೇಳುತ್ತಿರುವುದು ಅದಲ್ಲ, ಎರಡು ಗಿಡಗಳನ್ನು ಕೂಡಿಸಿ ಒಂದು ಮಾಡುವ ಕಸಿ. ಬೇರು ಕೊಡುವ ಸಸಿಯನ್ನು ಬೇರುಗಿಡವೆಂದೂ, ಅದರ ಮೇಲೆ ಕೂಡಿಸುವ ತುಂಡನ್ನು ಕಸಿಕಡ್ಡಿಯೆಂದೂ ಕರೆಯೋಣ.

ಪೈನ್, ದೇವದಾರು, ಸ್ಪ್ರೂಸ್, ಫರ್, ಜುನಿಪರ್, ಥೂಜ, ಅರೌಕೇರಿಯ ಇವೆಲ್ಲ ಹೂ ಬಿಡದೆ ಕಾಯಿಗೆ ಬದಲು ಶಂಕುವಿನಾಕಾರದ ಬೀಜಗೊಂಡೆ ಬಿಡುವ ಮರಗಳು. ಬಹುಪಾಲು ಇವು ಚಳಿ ಸೀಮೆಯವು. ದಕ್ಷಿಣ ಭಾರತದ ಕಾಡುಗಳಲ್ಲಿ ತಾನಾಗಿ ಬೆಳೆಯುವ ಶಂಕು ಜಾತಿಯ ಮರ ಒಂದೇ ಒಂದು. ಅದು ಪಶ್ಚಿಮ ಘಟ್ಟದ ದಕ್ಷಿಣ ಭಾಗದ ದಟ್ಟ ಕಾಡಿನಲ್ಲಿರುವ, ಸೂಜಿಯಂತಲ್ಲದೆ ಅಗಲವಾದ ಎಲೆಯುಳ್ಳ ನಗೇಯ. ಉಳಿದುವನ್ನೆಲ್ಲ ಹೊರಗಿನಿಂದ ತಂದು ನೆಟ್ಟದ್ದು.

ಯೂರೋಪು, ಅಮೆರಿಕ, ಜಪಾನ್ ದೇಶಗಳಲ್ಲಿ ಈ ಮರಗಳನ್ನು ಅಲಂಕಾರಕ್ಕಾಗಿ ಬೆಳೆಸುವುದು ದೊಡ್ಡ ಕಸುಬು. ಅಲ್ಲಿ ಕಸಿಯ ಅವಶ್ಯಕತೆ ಹೇಗೆ ಬಂತೆಂಬುದಕ್ಕೆ ನೀಲಿ ಸ್ಪ್ರೂಸ್ ಒಳ್ಳೆಯ ಉದಾಹರಣೆ. ಅಮೆರಿಕದ ಕೊಲೊರಾಡೊದಲ್ಲಿ ಪೈಕ್ಸ್ ಪೀಕ್ ಎಂಬ ಪರ್ವತದ ಮೇಲೆ 1862ರಲ್ಲಿ ಚಾರ್ಲ್ಸ್ ಪ್ಯಾರಿ ಎಂಬ ಸಸ್ಯಶಾಸ್ತ್ರಜ್ಞರು ಈ ಮರವನ್ನು ಗುರುತಿಸಿದರು. ಇದರ ಬೀಜ ಬಿತ್ತಿದರೆ ಕೆಲವು ಸಸಿ ಹಸಿರು, ಕೆಲವು ಬೂದು, ಎಲ್ಲೋ ಕೆಲವು ಮಾತ್ರ ಬೆಳ್ಳಿಯ ಹೊಳಪಿನ ನೀಲಿ. ಗಿರಾಕಿಗೆ ಬೇಕಾದದ್ದು ಆ ನೀಲಿ. ಕಡ್ಡಿ ನೆಟ್ಟು ಬೇರು ಬರಿಸೋಣವೆಂದರೆ ಸ್ಪ್ರೂಸ್, ಪೈನ್, ಫರ್ ಮರಗಳ ಕಡ್ಡಿ ಬಲು ಮೊಂಡು. ದಾಸವಾಳದಂತೆ ಸುಲಭವಾಗಿ ಬೇರು ಬಿಡುವುದಿಲ್ಲ. ಆದುದರಿಂದ ಹಾಲೆಂಡಿನ ಬೋಸ್ಕೂಪ್ ಎಂಬ ಊರಿನ ನರ್ಸರಿಯವರು ಅತ್ಯಂತ ನೀಲಿಯಾದ ಮರವನ್ನು ಆರಿಸಿ, ಅದರ ಕಡ್ಡಿಯನ್ನು ಸಾಮಾನ್ಯ ನಾರ್ವೆ ಸ್ಪ್ರೂಸ್ ಸಸಿಗೆ ಕಟ್ಟಿ ಸಾವಿರಗಟ್ಟಲೆ ಮಾಡಿದರು. ಅಲ್ಲಿನ ಕೋಸ್ಟರ್ ಮನೆತನದ ನರ್ಸರಿಯ ಹೆಸರು ಹೊತ್ತ ನೀಲಿ ತಳಿ ಇಂದಿಗೂ ಮಾರುಕಟ್ಟೆಯಲ್ಲಿದೆ. ಗಿಡ್ಡ ತಳಿಗಳ ಕಥೆಯೂ ಹೀಗೆಯೇ. ದೊಡ್ಡ ಪೈನ್ ಮರದ ತುದಿಯಲ್ಲಿ ಒಮ್ಮೊಮ್ಮೆ ಹಕ್ಕಿಗೂಡಿನಂತೆ ಒತ್ತೊತ್ತಾದ ಸಣ್ಣ ರೆಂಬೆಗಳ ಗೊಂಚಲು ಮೂಡುವುದುಂಟು. ಇದನ್ನು ಅಲ್ಲಿನವರು ಮಾಟಗಾತಿಯ ಪೊರಕೆ ಎನ್ನುತ್ತಾರೆ. ರೋಗದಿಂದ ಬಂದದ್ದಲ್ಲದೆ ಮೊಗ್ಗಿನಲ್ಲೇ ಆದ ಮಾರ್ಪಾಡಿನಿಂದ ಬಂದ ಗೊಂಚಲಾದರೆ ಅದರ ಕಡ್ಡಿ ಕಸಿ ಕಟ್ಟಿದಾಗ ಮೊಣಕಾಲೆತ್ತರ ಮೀರದ ಅಂದವಾದ ಗಿಡ್ಡ ಗಿಡ ಸಿಗುತ್ತದೆ. ಎತ್ತರದ ಮರವೇರಿ ಆ ಪೊರಕೆ ಇಳಿಸುವುದೇ ಕೆಲವರಿಗೆ ಹುಚ್ಚು. ಪ್ರಪಂಚದಲ್ಲಿ ಎಂತೆಂತಹ ಹುಚ್ಚುಗಳಿವೆ ಎನ್ನಬಹುದಾದರೂ ಆ ಗಿಡಗಳಿಗೆ ಬರುವ ಬೆಲೆ ಕೇಳಿದವರು ಹಾಗೆ ನಗುವುದಿಲ್ಲ.

ಕೂಡುವುದು ಯಾವುದು?

ಯಾವುದೇ ಮರದ ತೊಗಟೆ ಸುಲಿದರೆ ತೊಗಟೆಗೂ ಕಟ್ಟಿಗೆಗೂ ನಡುವೆ ಕೈಗೆ ಜಾರುವ ತೇವದ ತೆಳು ಪೊರೆಯೊಂದು ಇರುತ್ತದೆ. ಇದೇ ಕ್ಯಾಂಬಿಯಂ. ಮರ ದಪ್ಪವಾಗುವುದು ಇದರಿಂದ. ಗಾಯ ಮಾಯುವುದೂ ಇದರಿಂದ. ಬೇರುಗಿಡದ ಪೊರೆಯೂ ಕಸಿಕಡ್ಡಿಯ ಪೊರೆಯೂ ಒಂದನ್ನೊಂದು ಮುಟ್ಟಿ, ಒಣಗದೆ, ಅಲುಗದೆ ಕೆಲವು ವಾರ ಇದ್ದರೆ ನಡುವೆ ಹೊಸ ಜೀವಕೋಶಗಳು ತುಂಬಿ ಎರಡೂ ಒಂದಾಗುತ್ತವೆ. ಕಸಿಯ ಗುಟ್ಟೆಲ್ಲ ಇಷ್ಟೇ. ಅಡಿಕೆ, ತೆಂಗು, ಬಿದಿರುಗಳಿಗೆ ಕಸಿ ಕಟ್ಟಲಾಗದಿರುವುದು ಅವಕ್ಕೆ ಈ ಪೊರೆ ಇಲ್ಲವಾದ್ದರಿಂದಲೇ. ಒಳ್ಳೆಯ ಅಡಿಕೆ ಮರವನ್ನು ಕಸಿಯಿಂದ ಹೆಚ್ಚಿಸುವ ಆಸೆಯನ್ನು ಬಿಟ್ಟು ತಾಯಿಮರದ ಗೋಟನ್ನೇ ಆರಿಸಬೇಕಾದ ಕಾರಣ ಇದು.

ಮಾವಿಗೆ ಮೃದುಕಾಂಡ ಕಸಿ ಕಟ್ಟಿ ಬಲ್ಲವರು ನಮ್ಮಲ್ಲಿ ಬೇಕಾದಷ್ಟು ಮಂದಿ ಇದ್ದಾರೆ. ಸಸಿಯ ತಲೆ ಕತ್ತರಿಸಿ, ನಡುವೆ ಸೀಳಿ, ವಾರ ಹತ್ತು ದಿನ ಮೊದಲೇ ಎಲೆ ತೆಗೆದು ಹದಮಾಡಿದ ಕಡ್ಡಿಯನ್ನು ಬೆಣೆಯಂತೆ ಇಳಿಸಿ ಕಟ್ಟಿದರಾಯಿತು. ಶಂಕು ಮರಗಳಲ್ಲಿ ಈ ಎರಡೂ ನಡೆಯುವುದಿಲ್ಲ. ಸಸಿಯ ತಲೆ ಕತ್ತರಿಸಿದರೆ ಬೇರುಗಿಡ ಸೊರಗುತ್ತದೆ, ಏಕೆಂದರೆ ಇವುಗಳಲ್ಲಿ ಹೆಚ್ಚಿನವು ಎಲೆ ಉದುರಿದ ಹಳೆಯ ಕಟ್ಟಿಗೆಯಿಂದ ಮತ್ತೆ ಚಿಗುರಲಾರವು. (ಅರೌಕೇರಿಯ ಈ ಮಾತಿಗೆ ಅಪವಾದ, ಅದು ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.) ಇನ್ನು ಕಡ್ಡಿಯ ಎಲೆಗಳನ್ನೆಲ್ಲ ತೆಗೆದರೆ ಕಡ್ಡಿಯೇ ಸಾಯುತ್ತದೆ, ಬಿಟ್ಟರೆ ಸೂಜಿಯೆಲೆಗಳು ನೀರು ಕಳೆದುಕೊಳ್ಳುತ್ತಲೇ ಇರುತ್ತವೆ. ಈ ಎರಡು ತೊಡಕಿಗೆ ಸಿಕ್ಕಿದ ಉತ್ತರವೇ ಪಕ್ಕದಲ್ಲಿ ತೇಪೆಯಂತೆ ಕಟ್ಟುವ ಪಾರ್ಶ್ವ ಕಸಿ.

ಕಟ್ಟುವ ಕ್ರಮ

ಚಳಿ ದೇಶದ ನರ್ಸರಿಗಳಲ್ಲಿ ಈ ಕೆಲಸ ನಡೆಯುವುದು ಜನವರಿಯಿಂದ ಮಾರ್ಚಿಯೊಳಗೆ. ಎರಡು ಮೂರು ವರ್ಷದ, ಪೆನ್ಸಿಲಿನಷ್ಟು ದಪ್ಪದ ಬೇರುಗಿಡವನ್ನು ಹಿಂದಿನ ವರ್ಷವೇ ಕುಂಡಕ್ಕೆ ಹಾಕಿ ಹೊರಗೆ ಚಳಿಯಲ್ಲಿ ಬಿಟ್ಟಿರುತ್ತಾರೆ. ಕಸಿಗೆ ಮೂರು ನಾಲ್ಕು ವಾರ ಮುಂಚೆ ಗಾಜಿನ ಮನೆಗೆ ತಂದರೆ ಬೆಚ್ಚಗಾಗಿ ಬೇರು ಎಚ್ಚರಗೊಳ್ಳುತ್ತದೆ. ಕುಂಡ ಕಳಚಿ ನೋಡಿದಾಗ ಮಣ್ಣಿನ ಅಂಚಿನಲ್ಲಿ ಬೆಳ್ಳಗಿನ ಹೊಸ ಬೇರುತುದಿ ಕಂಡರೆ ಹದ ಬಂದಿದೆ ಎಂದರ್ಥ. ಕಸಿಕಡ್ಡಿ ಮಾತ್ರ ಇನ್ನೂ ನಿದ್ದೆಯಲ್ಲಿರಬೇಕು. ಬೇರು ಎದ್ದಿರಬೇಕು, ಕಡ್ಡಿ ಮಲಗಿರಬೇಕು ಎಂಬ ಈ ನಿಯಮವನ್ನು ಅಲ್ಲಿನ ಹಳಬರು ಬಹು ಕಟ್ಟುನಿಟ್ಟಾಗಿ ಪಾಲಿಸುತ್ತಾರೆ. ಕಡ್ಡಿ ಮೊದಲು ಚಿಗುರಿಬಿಟ್ಟರೆ ಅದಕ್ಕೆ ನೀರು ಕೊಡುವ ದಾರಿ ಇನ್ನೂ ಕೂಡಿರುವುದಿಲ್ಲ.

ಕಡ್ಡಿ ಹಿಂದಿನ ವರ್ಷದ ಬೆಳವಣಿಗೆಯದಾಗಿದ್ದು, ನಾಲ್ಕರಿಂದ ಆರು ಅಂಗುಲ ಉದ್ದವಿದ್ದು, ತುದಿಮೊಗ್ಗು ಕೆಡದಂತೆ ಇರಬೇಕು. ಬುಡದ ಒಂದೂವರೆ ಅಂಗುಲದಷ್ಟು ಭಾಗದ ಸೂಜಿಯೆಲೆಗಳನ್ನು ಮಾತ್ರ ತೆಗೆದು, ಒಂದು ಮಗ್ಗುಲಿನಲ್ಲಿ ಅಷ್ಟುದ್ದಕ್ಕೂ ಒಂದೇ ಎಳೆತದಲ್ಲಿ ತೆಳ್ಳಗೆ ಹೆರೆಯಬೇಕು; ಎದುರು ಮಗ್ಗುಲಿನಲ್ಲಿ ಬುಡದ ಹತ್ತಿರ ಒಂದು ಚಿಕ್ಕ ಓರೆ ಕೊಯ್ತ. ಬೇರುಗಿಡದಲ್ಲಿ ಮಣ್ಣಿಗೆ ಸಮೀಪವಾಗಿ ನಯವಾದ ಜಾಗ ನೋಡಿ, ಅಷ್ಟೇ ಉದ್ದಕ್ಕೆ ಮೇಲಿನಿಂದ ಕೆಳಕ್ಕೆ ತೊಗಟೆಯೊಡನೆ ಕಟ್ಟಿಗೆಯ ಒಂದು ಹಾಳೆಯಷ್ಟು ಸೇರುವಂತೆ ಸೀಳಿ, ಕೆಳಗೆ ಒಂದು ಸಣ್ಣ ನಾಲಿಗೆ ಉಳಿಯುವಂತೆ ಕತ್ತರಿಸಬೇಕು. ಕಡ್ಡಿಯ ಬುಡವನ್ನು ಆ ನಾಲಿಗೆಯೊಳಗೆ ಕೂರಿಸಿ ಗಾಯಕ್ಕೆ ಗಾಯ ಸೇರಿಸಬೇಕು. ಕಡ್ಡಿ ತೆಳುವಾಗಿದ್ದು ಎರಡು ಅಂಚೂ ಹೊಂದದಿದ್ದರೆ ಒಂದು ಅಂಚಾದರೂ ಸರಿಯಾಗಿ ಹೊಂದಬೇಕು. ನಡುವೆ ಕೂರಿಸಿ ಎರಡೂ ಕಡೆ ತಪ್ಪಿಸುವುದು ಹೊಸಬರು ಮಾಡುವ ಕೆಲಸ. ಆಮೇಲೆ ರಬ್ಬರ್ ಪಟ್ಟಿಯಿಂದ ಬಿಗಿಯಾಗಿ ಸುತ್ತುತ್ತಾರೆ. ಹಿಂದೆ ಹತ್ತಿಯ ದಾರ ಸುತ್ತಿ ಮೇಲೆ ಜೇನುಮೇಣಕ್ಕೆ ರಾಳ ಬೆರೆಸಿ ಕಾಯಿಸಿದ ಮೇಣ ಬಳಿಯುತ್ತಿದ್ದರು. ಆ ರಾಳವೂ ಪೈನ್ ಮರದ್ದೇ ಎಂಬುದು ಸ್ವಾರಸ್ಯ. ಪೈನಿನ ಗಾಯದಿಂದ ಒಸರುವ ಅಂಟು ಚಾಕುವಿಗೆ ಮೆತ್ತಿ ಮುಂದಿನ ಕೊಯ್ತವನ್ನು ಕೆಡಿಸುವುದರಿಂದ ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಆಗಾಗ ಒರೆಸುತ್ತಿರಬೇಕು. ಅಂಟು ಹೆಚ್ಚು ಬರದಿರಲೆಂದು ಕಸಿಗೆ ಕೆಲವು ದಿನ ಮೊದಲು ಬೇರುಗಿಡಕ್ಕೆ ನೀರನ್ನೂ ಕಡಿಮೆ ಮಾಡುತ್ತಾರೆ.

ಕಟ್ಟಿದ ಮೇಲೆ ಅರ್ಧ ಕೆಲಸ ಮುಗಿಯಿತು, ಅಷ್ಟೇ. ಕುಂಡಗಳನ್ನು ಮುಚ್ಚಿದ ಗಾಜಿನ ಪೆಟ್ಟಿಗೆಯಲ್ಲಿ, ಕಸಿಯ ಗಂಟು ಒದ್ದೆ ಪೀಟ್ ಪುಡಿಯಲ್ಲಿ ಮುಚ್ಚುವಂತೆ ಓರೆಯಾಗಿ ಮಲಗಿಸುತ್ತಾರೆ. ಸುಮಾರು 18ರಿಂದ 20 ಡಿಗ್ರಿ ಸೆಂಟಿಗ್ರೇಡ್ ಶಾಖ, ಬೆವರುವಷ್ಟು ತೇವ, ನೇರ ಬಿಸಿಲಿಲ್ಲ. ದಿನಕ್ಕೊಮ್ಮೆ ಸ್ವಲ್ಪ ಹೊತ್ತು ಗಾಳಿ ಆಡಿಸದಿದ್ದರೆ ಬೂಷ್ಟು ಹಿಡಿಯುತ್ತದೆ. ಕೂಡಿಕೊಳ್ಳಲು ಆರರಿಂದ ಎಂಟು ವಾರ ಬೇಕು. ಬಳಿಕ ದಿನದಿಂದ ದಿನಕ್ಕೆ ಮುಚ್ಚಳ ಹೆಚ್ಚು ಹೊತ್ತು ತೆರೆದು ಹೊರಗಿನ ಗಾಳಿಗೆ ಒಗ್ಗಿಸುತ್ತಾರೆ. ಬೇರುಗಿಡದ ತಲೆಯನ್ನು ಒಮ್ಮೆಗೇ ತೆಗೆಯುವಂತಿಲ್ಲ. ಕಡ್ಡಿ ಚಿಗುರಿದ ಮೇಲೆ ಅರ್ಧ, ಮುಂದಿನ ವರ್ಷ ಕಸಿಯ ಮೇಲಕ್ಕೆ ಪೂರ್ತಿ. ಅಲ್ಲಿಯವರೆಗೆ ಬೇರನ್ನು ಸಾಕುವುದು ಆ ಹಳೆಯ ತಲೆಯ ಎಲೆಗಳೇ. ಅವಸರದವರು ಕಸಿ ಕಳೆದುಕೊಳ್ಳುವುದು ಹೆಚ್ಚಾಗಿ ಈ ಹಂತದಲ್ಲಿ.

ಬೇರುಗಿಡಕ್ಕೂ ಕಡ್ಡಿಗೂ ಸಂಬಂಧ ಹತ್ತಿರದ್ದಾಗಿರಬೇಕು. ಸ್ಪ್ರೂಸಿಗೆ ಸ್ಪ್ರೂಸ್, ಫರಿಗೆ ಫರ್. ಪೈನುಗಳಲ್ಲಿ ಒಂದು ಕಟ್ಟಿಗೆ ಎಷ್ಟು ಸೂಜಿಯೆಲೆ ಎಂದು ಎಣಿಸಿ, ಎರಡೆಲೆಯದಕ್ಕೆ ಎರಡೆಲೆಯದನ್ನೂ ಐದೆಲೆಯದಕ್ಕೆ ಐದೆಲೆಯದನ್ನೂ ಹೊಂದಿಸುವುದು ವಾಡಿಕೆ. ಆದರೆ ಜಪಾನಿನವರು ಬೋನ್ಸಾಯ್ ಕುಂಡಗಳಿಗಾಗಿ ಐದೆಲೆಯ ಬಿಳಿ ಪೈನನ್ನು ಎರಡೆಲೆಯ ಕಪ್ಪು ಪೈನಿನ ಮೇಲೆ ಬಹು ಕಾಲದಿಂದ ಕಟ್ಟುತ್ತಾ ಬಂದಿದ್ದಾರೆ. ಕಪ್ಪು ಪೈನಿನ ಬೇರು ಗಟ್ಟಿ, ತೊಗಟೆ ಒರಟು, ಮುದಿ ಮರದ ಕಳೆ ಬೇಗ ಬರುತ್ತದೆಂದು. ನಮ್ಮ ಹಿಮಾಲಯದ ದೇವದಾರುವಿಗೂ ಇಲ್ಲಿ ಒಂದು ಪಾತ್ರವಿದೆ. ಜೋತುಬಿದ್ದು ಹರಿಯುವ ನೀಲಿ ಅಟ್ಲಾಸ್ ದೇವದಾರು ಆಫ್ರಿಕದ ಮೂಲದ್ದು. ಪಾಶ್ಚಾತ್ಯ ತೋಟಗಳಲ್ಲಿ ಮಾರುವ ಅದರ ಗಿಡಗಳ ಬುಡದಲ್ಲಿ ಅನೇಕ ವೇಳೆ ಇರುವುದು ಭಾರತದ ದೇವದಾರುವಿನ ಬೇರು. ಸಂಬಂಧ ಹೊಂದದ ಕಸಿ ಕೂಡಲೇ ಸಾಯುತ್ತದೆಂದೇನೂ ಇಲ್ಲ. ಅಮೆರಿಕದ ವಾಯವ್ಯ ಕರಾವಳಿಯ ಅರಣ್ಯ ಇಲಾಖೆಗಳು ಬೀಜಕ್ಕಾಗಿ ಕಸಿ ಕಟ್ಟಿ ಬೆಳೆಸಿದ ಡಗ್ಲಸ್ ಫರ್ ತೋಪುಗಳಲ್ಲಿ, ಒಂದೇ ಜಾತಿಯ ಬೇರುಗಿಡವಾಗಿದ್ದರೂ, ವರ್ಷಗಳ ಮೇಲೆ ಕಸಿಗಂಟು ಬಿಟ್ಟುಕೊಂಡು ಮರಗಳು ಒಣಗಿದವು. ಹೊಂದುವ ಬೇರುಗಿಡಗಳನ್ನು ಆರಿಸಿ ಬೆಳೆಸಿದ ಮೇಲೆಯೇ ಆ ಕೆಲಸ ಸುಸೂತ್ರವಾಯಿತು.

ರೆಂಬೆ ತನ್ನ ಸ್ಥಾನವನ್ನು ಮರೆಯುವುದಿಲ್ಲ

ಈಗ ಮೊದಲಿನ ಪ್ರಶ್ನೆಗೆ ಬರೋಣ. ಕೊಯ್ತ ಸರಿಯಾಗಿದೆ, ಪೊರೆ ಕೂಡಿದೆ, ಬೇರು ಗಟ್ಟಿಯಾಗಿದೆ. ಆದರೂ ಅರೌಕೇರಿಯದ ರೆಂಬೆ ಮರವಾಗದೇಕೆ?

1904ರಲ್ಲಿ ಜರ್ಮನಿಯ ಹರ್ಮನ್ ಫೋಖ್ಟಿಂಗ್ ಎಂಬ ಸಸ್ಯಶಾಸ್ತ್ರಜ್ಞರು ಇದೇ ಮರದ ಮೇಲೆ ಮಾಡಿದ ಪ್ರಯೋಗಗಳನ್ನು ಪ್ರಕಟಿಸಿದರು. ತುದಿಯ ನಡುಗಂಬದ ತುಂಡಿಗೆ ಬೇರು ಬರಿಸಿದಾಗ ಸುತ್ತಲೂ ರೆಂಬೆ ಬಿಡುವ ನೆಟ್ಟನೆಯ ಮರ ಬಂತು. ಕಂಬದಿಂದ ಹೊರಟ ಅಡ್ಡರೆಂಬೆಯ ತುಂಡು ಬೇರು ಬಿಟ್ಟರೂ ಅಡ್ಡಲಾಗಿಯೇ ಬೆಳೆದು ಎರಡು ಮಗ್ಗುಲಿಗೆ ಮಾತ್ರ ಕವಲು ಹಾಕಿತು. ಆ ಅಡ್ಡರೆಂಬೆಯ ಮೇಲಿನ ಕಿರುಗವಲನ್ನು ತೆಗೆದುಕೊಂಡರಂತೂ ಅದು ಕವಲೇ ಇಲ್ಲದೆ ಬಾಲದಂತೆ ಉದ್ದಕ್ಕೆ ಬೆಳೆಯಿತು. ಒಂದೇ ಮರದ ಮೂರು ತುಂಡು, ಮೂರು ರೂಪ. ತಾಯಿಮರದಲ್ಲಿ ತಾನು ಮಾಡುತ್ತಿದ್ದ ಕೆಲಸವನ್ನೇ ಪ್ರತಿಯೊಂದೂ ಮುಂದುವರಿಸಿತೇ ಹೊರತು ಹೊಸ ಬೇರು ಸಿಕ್ಕಿತೆಂದು ಬುದ್ಧಿ ಬದಲಿಸಲಿಲ್ಲ. ಸ್ಥಾನದ ಈ ಪ್ರಭಾವಕ್ಕೆ ವಿಜ್ಞಾನಿಗಳು ಟೋಪೋಫಿಸಿಸ್ ಎಂಬ ಹೆಸರಿಟ್ಟಿದ್ದಾರೆ.

ಎಲ್ಲ ಶಂಕು ಮರಗಳಲ್ಲೂ ಇದು ಒಂದೇ ಪ್ರಮಾಣದಲ್ಲಿಲ್ಲ. ಪೈನ್ ಕಡ್ಡಿ ಎಲ್ಲಿಂದ ತಂದರೂ ಬೇಗ ತಲೆಯೆತ್ತುತ್ತದೆ. ನೀಲಿ ಸ್ಪ್ರೂಸ್ ಎರಡು ಮೂರು ವರ್ಷ ಓಲಾಡುತ್ತದೆ. ಬಿದಿರ ಕಡ್ಡಿ ಊರಿ ಕಟ್ಟಿದರೆ ಹಾದಿಗೆ ಬರುತ್ತದೆ. ಫರ್ ಹಠಮಾರಿ, ಅಡ್ಡರೆಂಬೆಯ ಕಸಿ ಹಲವು ವರ್ಷ ನೆಲ ಹಿಡಿದೇ ಇರುತ್ತದೆ. ಜಾಣ ನರ್ಸರಿಯವರು ಇದನ್ನೂ ಬಿಡದೆ, ನೆಲಕ್ಕೆ ಹಬ್ಬುವ ತಳಿ ಎಂದು ಬೇರೆ ಹೆಸರಿಟ್ಟು ಮಾರಿದ್ದುಂಟು. ಅರೌಕೇರಿಯ ಮಾತ್ರ ಕೊನೆಯವರೆಗೂ ಬದಲಾಗದು.

ಹಾಗಾದರೆ ಅರೌಕೇರಿಯಕ್ಕೆ ಕಸಿಕಡ್ಡಿ ಸಿಗುವುದೆಲ್ಲಿಂದ? ಮರದ ತುದಿ ಒಂದೇ, ಅದನ್ನು ಕತ್ತರಿಸಿದರೆ ಮರದ ಅಂದವೇ ಹೋಯಿತು. ಉಪಾಯವಿದೆ. ಆಳೆತ್ತರದ ಎಳೆಯ ಗಿಡವೊಂದನ್ನು ತಾಯಿಗಿಡವೆಂದು ಬೇರೆಯಾಗಿಟ್ಟು ಅದರ ತುದಿ ಕೊಯ್ಯಬೇಕು. ಕೆಳಗಿನ ಕಾಂಡದ ತೊಗಟೆಯೊಳಗೆ ಹಳೆಯ ಎಲೆಗಳ ಕಂಕುಳಲ್ಲಿ ಅಡಗಿದ್ದ ಕಣ್ಣುಗಳು ಎಚ್ಚೆತ್ತು ನೆಟ್ಟನೆಯ ಚಿಗುರು ಹೊರಡಿಸುತ್ತವೆ. ಕಂಬದಿಂದ ಹುಟ್ಟಿದ ಈ ಚಿಗುರುಗಳಿಗೆ ಕಂಬದ ಗುಣವಿದೆ. ಇವುಗಳಲ್ಲಿ ಒಂದನ್ನು ತಾಯಿಗಿಡಕ್ಕೇ ತಲೆಯಾಗಲು ಬಿಟ್ಟು, ಉಳಿದುವನ್ನು ಕಸಿಗೆ ತೆಗೆದುಕೊಳ್ಳಬಹುದು. ಅಡ್ಡರೆಂಬೆಯ ಸಂದಿಗಳಲ್ಲಿ ಬರುವ ಚಿಗುರನ್ನು ಇದರೊಂದಿಗೆ ಬೆರೆಸಬಾರದು.

ಇದರ ದೊಡ್ಡ ಪ್ರಯೋಗ ನಡೆದಿರುವುದು ಬ್ರೆಜಿಲಿನ ಪರಾನಾ ರಾಜ್ಯದಲ್ಲಿ. ಕಾಫಿ ಬೆಳೆಗಾರರಿಗೆ ಈ ಹೆಸರು ಹೊಸದಲ್ಲ. 1975ರ ಜುಲೈಯಲ್ಲಿ ಬಿದ್ದ ಹಿಮ ಅಲ್ಲಿನ ಕಾಫಿಯನ್ನು ಸುಟ್ಟು ಪ್ರಪಂಚದ ಕಾಫಿ ಬೆಲೆಯನ್ನೇ ಮೇಲೇರಿಸಿತ್ತು. ಆ ರಾಜ್ಯದ ಸ್ವಂತ ಅರೌಕೇರಿಯಕ್ಕೆ ಪರಾನಾ ಪೈನ್ ಎಂದು ಹೆಸರು. ಅದರ ದೊಡ್ಡ ಬೀಜವನ್ನು ಜನ ಬೇಯಿಸಿ ತಿನ್ನುತ್ತಾರೆ. ಮರಕ್ಕಾಗಿ ಕಡಿದು ಕಡಿದು ಕಾಡು ಬರಿದಾದ ಮೇಲೆ, ನಿಂತ ಮರದಿಂದಲೇ ರೈತನಿಗೆ ಆದಾಯ ಬರುವಂತೆ ಮಾಡಬೇಕಾಯಿತು. ಆದರೆ ಈ ಮರದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಬೀಜದಿಂದ ಬೆಳೆಸಿದರೆ ಹನ್ನೆರಡು ಹದಿನೈದು ವರ್ಷ ಕಾದ ಮೇಲೆಯೇ ಫಲ. ಬ್ರೆಜಿಲಿನ ಕೃಷಿ ಸಂಶೋಧನಾ ಸಂಸ್ಥೆ ಎಂಬ್ರಾಪದ ಅರಣ್ಯ ವಿಭಾಗದವರು ಹೆಣ್ಣು ಮರದಿಂದ ಕಸಿ ಕಟ್ಟಿ ಆರರಿಂದ ಹತ್ತು ವರ್ಷದೊಳಗೆ ಬೀಜ ಬರುವಂತೆ ಮಾಡಿದ್ದಾರೆ. ಅಲ್ಲಿ ಎರಡು ಬಗೆಯ ಕಡ್ಡಿಯನ್ನೂ ತಿಳಿದೇ ಬಳಸುತ್ತಾರೆ: ಎತ್ತರದ ಮರ ಬೇಕಾದವರಿಗೆ ಕಂಬದ ಚಿಗುರು, ಕೈಗೆಟುಕುವ ಎತ್ತರದಲ್ಲಿ ಬೀಜ ಕೀಳಬೇಕೆನ್ನುವವರಿಗೆ ಅಡ್ಡರೆಂಬೆ. ಯಾವುದೂ ಕೆಟ್ಟದ್ದಲ್ಲ, ಯಾವುದನ್ನು ನೆಡುತ್ತಿದ್ದೇವೆಂದು ನೆಡುವವನಿಗೆ ಗೊತ್ತಿರುತ್ತದೆ, ಅಷ್ಟೇ ವ್ಯತ್ಯಾಸ.

ನಮ್ಮಲ್ಲಿ ಇದನ್ನು ಪ್ರಯತ್ನಿಸುವುದಾದರೆ, ನೀಲಿ ಸ್ಪ್ರೂಸಿನ ಆಸೆ ಮೊದಲು ಬಿಡಬೇಕು. ಚಿಕ್ಕಮಗಳೂರು, ಮಡಿಕೇರಿಗಳ ಚಳಿ ಅದಕ್ಕೆ ಚಳಿಯೇ ಅಲ್ಲ. ಥೂಜ, ಜುನಿಪರುಗಳಿಗೆ ಕಸಿಯ ಶ್ರಮವೇ ಬೇಡ, ಕಡ್ಡಿಯಿಂದಲೇ ಬೇರು ಬರುತ್ತದೆ. ಅರೌಕೇರಿಯವೂ ಬರೀ ಸಾಲಿಗೆ ಬೇಕಾದರೆ ಬೀಜದ ಸಸಿಯೇ ಸಾಕು. ಗುಣದಲ್ಲಿ ವಿಶೇಷವಾದ ಮರವೊಂದನ್ನು ಉಳಿಸಿಕೊಳ್ಳಬೇಕಾದಾಗ ಮಾತ್ರ ಕಸಿಗೆ ಅರ್ಥವಿದೆ. ಮುಂಗಾರಿನ ಆರ್ಭಟ ಇಳಿದು ಹವೆಯಲ್ಲಿ ತೇವ ಇರುವ ಕಾಲದಲ್ಲಿ, ಎರಡು ವರ್ಷದ ಸಸಿಗೆ ಪಾರ್ಶ್ವ ಕಸಿ ಕಟ್ಟಿ, ಮೇಲೆ ಪಾಲಿಥೀನ್ ಚೀಲ ಕವುಚಿ ನೆರಳಿನಲ್ಲಿಡುವುದು ಅನುಕೂಲವೆಂದು ನಮ್ಮ ಅಭಿಪ್ರಾಯ. ಅಂದ ಹಾಗೆ, ಲಾಲ್‌ಬಾಗಿನಲ್ಲಿ ಕಾಣುವ ಕಂಬದಂತಹ ಎತ್ತರದ ಅರೌಕೇರಿಯಗಳು ಕುಕ್ ಪೈನ್ ಜಾತಿಯವು. 1774ರಲ್ಲಿ ನಾವಿಕ ಜೇಮ್ಸ್ ಕುಕ್ ಶಾಂತ ಸಾಗರದ ನ್ಯೂ ಕ್ಯಾಲಿಡೋನಿಯದಲ್ಲಿ ಇವನ್ನು ಕಂಡದ್ದರಿಂದ ಆ ಹೆಸರು. ಐದು ಖಂಡಗಳಲ್ಲಿ ಅಳೆದು 2017ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಈ ಜಾತಿ ಎಲ್ಲೇ ನೆಟ್ಟರೂ ಭೂಮಧ್ಯರೇಖೆಯ ಕಡೆಗೆ, ಸರಾಸರಿ ಎಂಟು ಡಿಗ್ರಿಗೂ ಮಿಕ್ಕಿ ವಾಲುತ್ತದೆ. ಆದುದರಿಂದ ಅಂಗಳದ ಮರ ತೆಂಕಣಕ್ಕೆ ವಾಲಿದೆಯೆಂದು ನೆಟ್ಟವರನ್ನು ದೂರಬೇಕಾಗಿಲ್ಲ.

ನಮ್ಮ ತೋಟದ ಗಿಡಗಳಲ್ಲಿ

ಇಷ್ಟೆಲ್ಲ ಓದಿದ ಕಾಫಿ ಬೆಳೆಗಾರರಿಗೆ ಇದು ತಮ್ಮ ಗಿಡದ ಗುಣವೇ ಎಂದು ಹೊಳೆದಿರಬೇಕು. ಕಾಫಿಯಲ್ಲಿ ಸಕ್ಕರ್ ಎ೦ದು ಕರೆಯುವ ಕಂಬಚಿಗುರು ನೆಟ್ಟಗೆ ಏಳುತ್ತದೆ. ಫಸಲು ಬಿಡುವ ಅಡ್ಡರೆಂಬೆ ಅಡ್ಡಲಾಗಿಯೇ ಇರುತ್ತದೆ. ಅಡ್ಡರೆಂಬೆಗೆ ಬೇರು ಬರಿಸಿದರೆ ನೆಲದ ಮೇಲೆ ತೆವಳುವ ಪೊದೆ. ಹಳೆಯ ರೊಬಸ್ಟಾ ಬುಡದ ಮೇಲೆ ಹೊಸ ತಳಿ ಕೂರಿಸುವಾಗ ಕಂಬಚಿಗುರಿಗೆ ಕಂಬಚಿಗುರನ್ನೇ ಕಟ್ಟುವುದು ಇದಕ್ಕಾಗಿ. ಗ್ವಾಟೆಮಾಲಾದಲ್ಲಿ ರೇನಾ ಎಂಬವರ ಹೆಸರಿನಿಂದ ಪ್ರಸಿದ್ಧವಾದ ಕಾಫಿ ಕಸಿಯಲ್ಲಿ ಈ ತೊಡಕೇ ಇಲ್ಲ. ಅಲ್ಲಿ ಬೆಂಕಿಕಡ್ಡಿ ಗಾತ್ರದ ಎಳೆ ಮೊಳಕೆಯಲ್ಲೇ ಅರೇಬಿಕದ ತಲೆಯನ್ನು ರೊಬಸ್ಟಾದ ಬೇರಿಗೆ ಕೂಡಿಸಿ ಜಂತುಹುಳುವಿನ ಬಾಧೆಯಿಂದ ಪಾರಾಗುತ್ತಾರೆ. ಮೊಳಕೆಯ ತಲೆ ಎಂದರೆ ಕಂಬವೇ ಅಲ್ಲವೇ.

ಮೆಣಸಿನಲ್ಲಿ ಕಣ್ಣಿಗೆ ಕಾಣುವ ಸಾಕ್ಷಿ ಇದೆ. ಮರ ಹಿಡಿದು ಏರುವ ಬಳ್ಳಿಯ ಗೆಣ್ಣನ್ನು ನೆಟ್ಟರೆ ಅದು ಏರುತ್ತದೆ. ಗೆರೆ ಬಿಡುವ ಪಕ್ಕದ ಕವಲಿಗೆ ಬೇರು ಬರಿಸಿದರೆ ಕುಂಡದಲ್ಲಿ ನಿಲ್ಲುವ ಪೊದೆಮೆಣಸಾಗುತ್ತದೆ, ಎಂದಿಗೂ ಮರ ಏರುವುದಿಲ್ಲ. ಸೊರಗು ರೋಗ ತಡೆಯುವುದೆಂದು ಬ್ರೆಜಿಲ್ ಹಿಪ್ಪಲಿಯ ಬೇರಿನ ಮೇಲೆ ಕಟ್ಟಿದ ಮೆಣಸನ್ನು ಕೊಳ್ಳುವವರು ಮೇಲಿರುವುದು ಏರುಬಳ್ಳಿಯೋ ಪಕ್ಕದ ಕವಲೋ ಎಂದು ಕೇಳಿಯೇ ಹಣ ಕೊಡಬೇಕು. ಅಡಿಕೆ ಮರಕ್ಕೆ ಹಬ್ಬಿಸಲು ಪೊದೆಮೆಣಸು ತಂದರೆ ಮರ ಬರಿದಾಗಿಯೇ ಉಳಿಯುತ್ತದೆ. ಆ ಹಿಪ್ಪಲಿ ಬೇರು ನೀರು ಬೇಡುವ ಜಾತಿ, ಬೇಸಿಗೆಯಲ್ಲಿ ಒಣಗುವ ಜಾಗಕ್ಕೆ ತಕ್ಕುದಲ್ಲ ಎಂಬುದನ್ನೂ ಮರೆಯಬಾರದು.

ನಷ್ಟ ದೊಡ್ಡದಾಗುವುದು ಜಾಯಿಕಾಯಿಯಲ್ಲಿ. ಜಾಯಿಕಾಯಿ ಗಿಡದ ಕಟ್ಟಡವೂ ಕ್ರಿಸ್ಮಸ್ ಮರದ ಕಟ್ಟಡದ ಹಾಗೆಯೇ, ನಡುಗಂಬ, ಸುತ್ತಲೂ ಹಂತ ಹಂತವಾಗಿ ಅಡ್ಡರೆಂಬೆ. ಗಂಡು ಹೆಣ್ಣು ಬೇರೆ ಬೇರೆಯಾಗಿರುವುದೂ ಪರಾನಾ ಪೈನಿನಂತೆ. ಬೀಜದ ಸಸಿ ನೆಟ್ಟರೆ ಆರರಿಂದ ಎಂಟು ವರ್ಷದ ಬಳಿಕ ಸುಮಾರು ಅರ್ಧ ಗಂಡು ಎಂದು ತಿಳಿಯುತ್ತದೆ; ಆದುದರಿಂದ ಹೆಣ್ಣು ಮರದ ಕಸಿ ಗಿಡಕ್ಕೆ ಬೇಡಿಕೆ. ಆದರೆ ಒಂದು ಮರದಲ್ಲಿ ಕಂಬಚಿಗುರು ಸಿಗುವುದು ಬೆರಳೆಣಿಕೆಯಷ್ಟು, ಅಡ್ಡರೆಂಬೆ ಬೇಕಾದಷ್ಟು. ಅಡ್ಡರೆಂಬೆಯ ಕಸಿ ಕೂಡುತ್ತದೆ, ಕಾಯಿಯನ್ನೂ ಬಿಡುತ್ತದೆ. ಆದರೆ ಮರವಾಗದೆ ನಾಲ್ಕು ಕಡೆ ಬಾಗಿ ಹರಡುವ ಪೊದೆಯಾಗುತ್ತದೆ. ಬಯಲಿನಲ್ಲಿ ಜಾಗವಿದ್ದವರಿಗೆ, ನೆಲದಲ್ಲೇ ನಿಂತು ಕಾಯಿ ಕೊಯ್ಯಬೇಕೆನ್ನುವವರಿಗೆ ಇದು ಹಿತವೇ ಆಗಬಹುದು. ಅಡಿಕೆಯ ಸಾಲುಗಳ ನಡುವೆ ಮಾತ್ರ ಅದು ಓಡಾಟಕ್ಕೆ ಅಡ್ಡ, ಗೊಬ್ಬರ ಹಾಕಲು ಅಡ್ಡ. ಕಂಬಕ್ಕೆ ಕಟ್ಟಿ ನಿಲ್ಲಿಸುವ ಕೆಲಸ ವರ್ಷ ವರ್ಷವೂ ತಪ್ಪದು. ನರ್ಸರಿಯಲ್ಲಿ ಗೇಣುದ್ದದ ಗಿಡವಾಗಿದ್ದಾಗ ಎರಡೂ ಹಸಿರಾಗಿ ಒಂದೇ ರೀತಿ ಕಾಣುವುದರಿಂದ, ಬೆಲೆಯೂ ಒಂದೇ ಹೇಳುವುದರಿಂದ, ಕೊಳ್ಳುವವರು ಬಗ್ಗಿ ನೋಡಬೇಕು. ಕಸಿಗಂಟಿನ ಮೇಲಿನ ಚಿಗುರು ನೆಟ್ಟಗೆ ಎದ್ದು ಒಂದೆಡೆಯಿಂದ ಸುತ್ತಲೂ ರೆಂಬೆ ಹೊರಡಿಸುತ್ತಿದ್ದರೆ ಅದು ಕಂಬದ ಕಸಿ. ಚಿಗುರು ಒಂದು ಕಡೆಗೆ ವಾಲಿ ಎಲೆಗಳು ಎರಡೇ ಸಾಲಿನಲ್ಲಿ ಚಪ್ಪಟೆಯಾಗಿ ಜೋಡಿಸಿದಂತಿದ್ದರೆ ಅಡ್ಡರೆಂಬೆಯದು. ಗಿಡ ತೀರಾ ಚಿಕ್ಕದಾಗಿ ಗುರುತು ಸಿಗದಿದ್ದರೆ ಇನ್ನೊಂದು ಸುತ್ತು ಚಿಗುರು ಬರುವವರೆಗೆ ಕಾದು ಕೊಳ್ಳುವುದು ಮೇಲು.

ಎಲ್ಲವನ್ನೂ ಹೆಣ್ಣು ಕಸಿಯನ್ನೇ ನೆಟ್ಟರೆ ಕಾಯಿ ಕಟ್ಟುವುದಿಲ್ಲ. ಹತ್ತು ಹೆಣ್ಣಿಗೆ ಒಂದರಂತೆ ಗಂಡು ಗಿಡ ತೋಟದಲ್ಲಿರಬೇಕು. ನೆಡುವಾಗ ಕಸಿಗಂಟು ಮಣ್ಣಿನ ಮೇಲಿರಲಿ, ಸುತ್ತಿದ ಪ್ಲಾಸ್ಟಿಕ್ ಪಟ್ಟಿಯನ್ನು ಗಿಡ ದಪ್ಪವಾಗಿ ತೊಗಟೆಗೆ ಕಚ್ಚುವ ಮೊದಲೇ ಬಿಚ್ಚಿರಿ. ಬೇರುಗಿಡ ರಾಮಪತ್ರೆಯೋ ಬೇರೆ ಕಾಡುಜಾತಿಯೋ ಆಗಿದ್ದರೆ ಗಂಟಿನ ಕೆಳಗಿನಿಂದ ಏಳುವ ಚಿಗುರನ್ನು ಕಂಡ ಕೂಡಲೇ ಚಿವುಟಬೇಕು. ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಬುಡ ನೋಡದೆ ಬಿಟ್ಟರೆ ಆ ಚಿಗುರೇ ಬಲಿತು, ಹಣ ಕೊಟ್ಟು ತಂದ ಕಡ್ಡಿ ಅದರ ನೆರಳಿನಲ್ಲಿ ಒಣಗಿಹೋಗುತ್ತದೆ.